ಮೂವತ್ತು ಹುಳಗಳ ಪೆಟ್ಟಿಗೆ

ಪುಷ್ಯದ ಚಳಿ ವಿರೂಪಾಕ್ಷಿಪುರದ ಹೊಲಗಳ ಮೇಲೆ ಕವುಚಿಕೊಂಡೇ ಇತ್ತು. ಹಿಪ್ಪುನೇರಳೆ ಸಾಲಿನ ನಡುವೆ ಸೊಂಟ ಬಗ್ಗಿಸಿ ಭಾನುಪ್ರಿಯ ಸೊಪ್ಪು ಕೊಯ್ಯುತ್ತಿದ್ದಳು. ಇಬ್ಬನಿಗೆ ಬೆರಳು ಮರಗಟ್ಟಿ, ಯಾವುದು ಎಲೆ ಯಾವುದು ಬೆರಳು ಎಂಬುದೇ ತಿಳಿಯುತ್ತಿರಲಿಲ್ಲ. ಒದ್ದೆ ಸೊಪ್ಪನ್ನು ರೇಷ್ಮೆಹುಳಕ್ಕೆ ಹಾಕುವಂತಿಲ್ಲ, ನೆರಳಲ್ಲಿ ಹರಡಿ ಆರಿಸಬೇಕು. ಆದರೆ ಏಳೂವರೆಯ ಬಸ್ಸು ಸೊಪ್ಪು ಆರುವವರೆಗೆ ಕಾಯುವುದಿಲ್ಲ. ಕೊಯ್ಯುವುದು ಮಗಳ ಪಾಲು, ಆರಿಸಿ ಹಾಕುವುದು ತಾಯಿಯ ಪಾಲು ಎಂದು ಮನೆಯಲ್ಲಿ ಹಂಚಿಕೆಯಾಗಿತ್ತು.

ಅಂಗೈ ಮೇಲೆ ಬರೆದುಕೊಂಡಿದ್ದನ್ನು ಅವಳು ಕೊಯ್ಯುತ್ತಲೇ ಬಾಯಿಪಾಠ ಮಾಡುತ್ತಿದ್ದಳು. "ಫೈಲಮ್ ಆರ್ತ್ರೋಪೋಡಾ, ಕ್ಲಾಸ್ ಇನ್ಸೆಕ್ಟಾ, ಆರ್ಡರ್ ಲೆಪಿಡಾಪ್ಟೆರಾ..."

ಪಕ್ಕದ ಸಾಲಿನಿಂದ, ಕೂಲಿಗೆ ಬಂದಿದ್ದ ಮಾಯಮ್ಮ ತಲೆಯೆತ್ತಿದಳು. "ಅದೇನ್ ಮಂತ್ರನಮ್ಮಿ? ಸೊಪ್ಗೆ ದೃಷ್ಟಿ ತೆಗೀತಿದ್ದೀಯಾ?"

"ನಮ್ ಹುಳದ ಜಾತಿ ಕಣವ್ವ."

"ಅಯ್ ಸಿವನೇ, ಹುಳಕ್ಕೂ ಜಾತಿ ಬಂತಾ!" ಎಂದು ನಕ್ಕು ಮಾಯಮ್ಮ ಮತ್ತೆ ಬಗ್ಗಿದಳು.

ಭಾನುಪ್ರಿಯ ಚನ್ನಪಟ್ಟಣದ ಕಾಲೇಜಿನಲ್ಲಿ ಮೊದಲ ವರ್ಷದ ಬಿ.ಎಸ್ಸಿ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ, ಪಿಯುಸಿಯನ್ನು ಉರು ಹೊಡೆದು ದಾಟಿದವಳು. ಇಲ್ಲಿ ಉರು ಹೊಡೆಯಲು ಪುರಸೊತ್ತೇ ಇರಲಿಲ್ಲ. ಐದು ವಿಷಯ, ವಾರಕ್ಕೆ ಮೂರು ಪ್ರಾಕ್ಟಿಕಲ್, ಮೂರು ರೆಕಾರ್ಡು, ತಿಂಗಳಿಗೊಂದು ಟೆಸ್ಟು. ಸಂಜೆ ಬಸ್ಸಿಳಿದರೆ ಹುಳದ ಮನೆಯ ತಟ್ಟೆಗಳು ಕಾದಿರುತ್ತಿದ್ದವು. ಮೂರನೇ ಜ್ವರ ಮುಗಿಸಿ ಪೊರೆ ಕಳಚಿ ಎದ್ದ ಹುಳ ಬೆಂಜೀನಿನ ಫಾರ್ಮುಲಾ ಕೇಳುವುದಿಲ್ಲ, ಸೊಪ್ಪು ಕೇಳುತ್ತದೆ.

ಅವಳ ಮಾವ ಮರಿಯಪ್ಪ ರಾಮನಗರದ ದಾರಿಯಲ್ಲಿ ಹೊಸದಾಗಿ ಎದ್ದ ಗಾರ್ಮೆಂಟ್ಸಿಗೆ ವ್ಯಾನು ಓಡಿಸುತ್ತಿದ್ದ. ಬೆಳಿಗ್ಗೆ ಆರೂವರೆಗೆ ಊರೂರಿನ ಹುಡುಗಿಯರನ್ನು ತುಂಬಿಕೊಂಡು ಹೋಗುವವನು, ಹೊಲದ ಬದಿ ಹಾರ್ನು ಒತ್ತಿ, "ಭಾನಿ, ನಿಂಗೊಂದು ಸೀಟು ಮಡ್ಗಿವ್ನಿ ಕಣಮ್ಮಿ!" ಎಂದು ಕೂಗದೆ ಮುಂದೆ ಹೋದ ದಿನವಿಲ್ಲ. ಅಪ್ಪ ಕೆಂಪರಾಜು ಅದಕ್ಕೆ ಹೂಂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಜೂನಿನಲ್ಲಿ ಅರ್ಜಿಗೆ ಸಹಿ ಹಾಕುವಾಗ ಒಂದೇ ಮಾತು ಹೇಳಿದ್ದ.

"ಓದು. ಒಂದ್ ವರ್ಸ ನೋಡವ. ಎಲ್ಲಾದ್ರಲ್ಲೂ ಪಾಸಾಗ್ಬೇಕು, ಹುಳಕ್ಕೆ ಒಸಿನೂ ಕುಂದು ಬರ್ಬಾರ್ದು. ಎರಡ್ರಲ್ಲಿ ಒಂದು ತಪ್ಪಿದ್ರೂ ವ್ಯಾನು."

ಅವಳು ಆ ಎರಡನ್ನೂ ತಲೆಯ ಮೇಲೆ ಹೊತ್ತು ನಡೆಯುತ್ತಿದ್ದಳು. ಒಂದು ದಿನವೂ ಕಾಲೇಜು ತಪ್ಪಿಸಿರಲಿಲ್ಲ, ಒಂದು ದಿನವೂ ಸೊಪ್ಪು ತಪ್ಪಿಸಿರಲಿಲ್ಲ.

*

ಸಾಬೀರ್ ಪರಿಚಯವಾದದ್ದು ಒಂದು ಸ್ಟೂಲಿನಿಂದ.

ಇಬ್ಬರೂ ಕಾಲೇಜಿಗೆ ಕೊನೆಯ ದಿನ ಸೇರಿದವರು. ಹಾಗಾಗಿ ಕೊನೆಯ ಎರಡು ನಂಬರು, ಲ್ಯಾಬಿನಲ್ಲಿ ಕೊನೆಯ ಟೇಬಲ್ಲು. ಅವಳು ಬಂದು ಕೂತೊಡನೆ ಅವನು ತನ್ನ ಸ್ಟೂಲನ್ನು ಒಂದು ಮಾರು ದೂರ ಎಳೆದುಕೊಳ್ಳುತ್ತಿದ್ದ. ಮೊದಲ ದಿನ ಅವಳು ಸಹಿಸಿಕೊಂಡಳು. ಎರಡನೇ ದಿನ ಮನೆಯಲ್ಲಿ ಸೀಗೆಪುಡಿ ಹಾಕಿ ಕೈ ತಿಕ್ಕಿದಳು. ಮೂರನೇ ದಿನ ತಡೆಯಲಾಗಲಿಲ್ಲ.

"ನಾನೇನ್ ಅಷ್ಟೊಂದು ಸೊಪ್ಪಿನ ವಾಸ್ನೆ ಬತ್ತೀನಾ?"

ಅವನು ಗಾಬರಿಯಾದ. ಕಿವಿ ಕೆಂಪಾಯಿತು. "ನೀವಲ್ಲ... ನಾನು. ಬೆಳಿಗ್ಗೆ ಬಾಣಲೆ ಮುಂದೆ ಕೂತು ಬರ್ತೀನಿ. ನಮ್ಮದು ರೀಲಿಂಗು. ಸತ್ತ ಹುಳದ ವಾಸ್ನೆ ಎಷ್ಟು ಸೋಪು ಹಾಕಿದ್ರೂ ಹೋಗಲ್ಲ. ನಿಮಗೆ ಬರದೇ ಇರ್ಲಿ ಅಂತ ದೂರ ಕೂರ್ತೀನಿ."

ಅವಳು ಅವನ ಕೈ ನೋಡಿದಳು. ಕುದಿನೀರಿನಿಂದ ಗೂಡಿನ ಎಳೆ ಎತ್ತಿ ಎತ್ತಿ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಹತ್ತೊಂಬತ್ತರ ಹುಡುಗನಿಗೆ ಅರವತ್ತರ ಬೆರಳು.

"ಸ್ಟೂಲು ಎಳ್ಕೊಳ್ಳಿ ಇತ್ಲಾಗೆ," ಎಂದಳು. "ನಾವು ಸಾಕಿದ್ದನ್ನೇ ತಾನೇ ನೀವು ಬೇಯ್ಸೋದು."

"ಸಾಕಿ ಸಾಕಿ ಮಾರ್ಕೆಟ್ಟಿಗೆ ತಂದು ಸುರಿಯೋರು ಯಾರು? ನಾವೇನು ನಿಮ್ಮನೆಗೆ ಬಂದು ಕದೀತೀವಾ?"

"ಮಾರ್ದೆ ಮಡಿಕ್ಕೊಂಡ್ರೆ?"

"ಚಿಟ್ಟೆ ಆಗುತ್ತೆ."

"ನೀನು ನೋಡಿದ್ದೀಯಾ?" ಬಹುವಚನ ಅವಳಿಗೆ ಅರಿವಿಲ್ಲದೆಯೇ ಬಿದ್ದುಹೋಗಿತ್ತು.

"ಇಲ್ಲ. ಚಿಟ್ಟೆ ಆದ್ರೆ ಗೂಡು ತೂತು ಬೀಳುತ್ತೆ, ದಾರ ಹೋಯ್ತು. ನಮ್ಮ ಅಬ್ಬಾ ಬಿಡ್ತಾರಾ? ನೀನು?"

"ನಾನೂ ಸರಿಯಾಗಿ ನೋಡಿಲ್ಲ."

ಹುಟ್ಟಿದಾಗಿನಿಂದ ಅದೇ ಹುಳದ ಅನ್ನ ತಿಂದ ಇಬ್ಬರು, ಅದರ ರೆಕ್ಕೆ ಕಾಣದವರು. ಇಬ್ಬರಿಗೂ ನಗು ಬಂತು. ಅವಳು ನಗುವಾಗ ಪುಸ್ತಕದಿಂದ ಬಾಯಿ ಮುಚ್ಚಿಕೊಂಡಳು. ಆ ಪುಸ್ತಕ ಅವಳ ಬಾಯಿಂದ ಯಾವಾಗ ಇಳಿಯುತ್ತದೆಂದು ಅವನು ಕಾದ. ಅವನು ಕಾಯುತ್ತಿದ್ದಾನೆಂದು ತಿಳಿದು ಅವಳು ಇಳಿಸಲಿಲ್ಲ.

ಆಮೇಲೆ ಒಂದು ಕೊಡುಕೊಳ್ಳುವಿಕೆ ತಾನಾಗಿ ಬೆಳೆಯಿತು. ಅವನ ರೆಕಾರ್ಡಿನ ಚಿತ್ರಗಳನ್ನೆಲ್ಲ ಅವಳು ಬರೆದಳು. ಜಿರಲೆಯ ಬಾಯಿ, ಎರೆಹುಳದ ಕರುಳು, ಕಪ್ಪೆಯ ಹೃದಯ. ಅವನು ಇಂಗ್ಲಿಷ್ ಪಾಠಗಳನ್ನು ಅವಳಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದ. "ಆಸ್ಮೋಸಿಸ್ ಅಂದ್ರೆ ಏನಿಲ್ಲ ಭಾನು, ಹಬ್ಬಕ್ಕೆ ನಮ್ಮ ಅಮ್ಮಿ ಒಣದ್ರಾಕ್ಷಿ ನೆನೆಹಾಕ್ತಾರೆ, ಉಬ್ಬುತ್ತಲ್ಲ, ಅಷ್ಟೇ." ಆ ತಿಂಗಳ ಟೆಸ್ಟಿನಲ್ಲಿ ಅವಳಿಗೆ ಇಪ್ಪತ್ತೈದಕ್ಕೆ ಹತ್ತೊಂಬತ್ತು ಬಂತು. ಪೇಪರನ್ನು ಅವಳು ಮೊದಲು ಅವನಿಗೆ ತೋರಿಸಿದಳು. ಅವನು ಅಂಕ ನೋಡಲಿಲ್ಲ, ಅಂಕ ತೋರಿಸುತ್ತಿದ್ದ ಮುಖ ನೋಡಿದ.

ಪ್ರೀತಿ ಎಂಬ ಪದವನ್ನು ಇಬ್ಬರೂ ಬಾಯಿಗೆ ತರಲಿಲ್ಲ. ಅವನ ಮನೆಯೆಲ್ಲಿ, ಅವಳ ಮನೆಯೆಲ್ಲಿ. ಬಸ್ಸು ಹೊರಡುವಾಗ ಅವನು ಕೈಯೆತ್ತುತ್ತಿರಲಿಲ್ಲ, ಬರಿದೇ ರೆಕಾರ್ಡು ಪುಸ್ತಕವನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಿಸುತ್ತಿದ್ದ. ಕಿಟಕಿಯೊಳಗೆ ಅವಳಿಗೆ ಅಷ್ಟು ಸಾಕಾಗುತ್ತಿತ್ತು.

*

ಜನವರಿ ಕೊನೆಯಲ್ಲಿ ಝೂವಾಲಜಿಯ ಅನಂತರಾಜು ಸರ್ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು: ಇನ್ಸೆಕ್ಟ್ ಬಾಕ್ಸ್, ಮೂವತ್ತು ಕೀಟ, ಮುಂದಿನ ಸೋಮವಾರ.

"ಬಾಕ್ಸಿಲ್ಲ ಅಂದ್ರೆ ರೆಕಾರ್ಡಿಗೆ ಸೈನಿಲ್ಲ. ಸೈನಿಲ್ಲ ಅಂದ್ರೆ ಹಾಲ್ ಟಿಕೆಟ್ ಇಲ್ಲ. ಆಮೇಲೆ ಅಜ್ಜಿ ತೀರ್ಕೊಂಡ್ರು, ತಾತ ತೀರ್ಕೊಂಡ್ರು ಅಂತ ನನ್ನ ಹತ್ರ ಬರಬೇಡಿ."

ಮನೆಯಲ್ಲಿ ಹುಳ ನಾಲ್ಕನೇ ಜ್ವರ ಎದ್ದು ಕೂತಿದ್ದವು. ಆ ಒಂದು ವಾರ ಅವು ತಿನ್ನುವ ಸದ್ದು ಹೆಂಚಿನ ಮೇಲೆ ಸೋನೆ ಬಿದ್ದಂತೆ ಕೇಳುತ್ತದೆ. ಮನೆಮಂದಿಗೆ ಊಟಕ್ಕೂ ಬಿಡುವಿಲ್ಲ. ಚಿಟ್ಟೆ ಹಿಡಿಯುವುದು ಎಲ್ಲಿಂದ ಬಂತು? ಬುಧವಾರದ ಹೊತ್ತಿಗೆ ಅವಳ ಬಳಿ ಇದ್ದದ್ದು ಎರಡು ಮಿಡತೆ, ಒಂದು ಜೀರುಂಡೆ.

ಶನಿವಾರ ಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ಸಾಬೀರ್ ಒಂದು ಪ್ಲಾಸ್ಟಿಕ್ ಕವರು ಅವಳ ಕೈಗಿಟ್ಟ. ಒಳಗೆ ಗಾಜಿನ ಮುಚ್ಚಳದ ರಟ್ಟಿನ ಪೆಟ್ಟಿಗೆ. ಥರ್ಮಾಕೋಲಿನ ಮೇಲೆ ಸಾಲಾಗಿ ಗುಂಡುಸೂಜಿ ಚುಚ್ಚಿದ ಕೀಟಗಳು, ಒಂದೊಂದಕ್ಕೂ ಇಂಗ್ಲಿಷಿನಲ್ಲಿ ಹೆಸರು, ಮೂಲೆಯಲ್ಲಿ ಅವಳ ಹೆಸರು. ನಾಲ್ಕು ಮೂಲೆಗೂ ಬಿಳಿಯ ನುಸಿಗುಳಿಗೆ, ಹಿಡಿಗಟ್ಟಲೆ.

"ಇಷ್ಟೊಂದ್ಯಾಕೆ?"

"ಇರುವೆ ತಿಂದ್ಬಿಟ್ರೆ? ಎಲ್ಲರೂ ಎರಡು ಹಾಕ್ತಾರೆ. ನಿಂದು ಅಂತ ಜಾಸ್ತಿ ಹಾಕ್ದೆ." ಅವನು ಮಾತು ನಿಲ್ಲಿಸಿ, "ಮೂವತ್ತನೇದು ನೋಡು," ಎಂದ.

ಕೊನೆಯ ಸೂಜಿಯಲ್ಲಿ ದಪ್ಪ ಮೈಯ, ಕೆನೆ ಬಣ್ಣದ ಒಂದು ಪತಂಗ. ರೆಕ್ಕೆ ಹಾಲಿನ ಕೆನೆಯಷ್ಟೇ ತೆಳು. ಅವಳು ಪೆಟ್ಟಿಗೆಯನ್ನು ಕಣ್ಣಿನ ಹತ್ತಿರಕ್ಕೆ ತಂದಳು.

"ಸರ್ ಬಾಕ್ಸು ಕೇಳೋಕೂ ಮುಂಚೆ, ನಿಂಗೆ ತೋರಿಸ್ಬೇಕು ಅಂತ ಅಬ್ಬಾನ ಬುಟ್ಟಿಯಿಂದ ಒಂದು ಗೂಡು ಎತ್ತಿಟ್ಟಿದ್ದೆ. ಬಂತು. ನಾನು ಸಾಯಿಸ್ಲಿಲ್ಲ ಭಾನು. ತಾನಾಗೇ ಸಾಯೋವರೆಗೂ ಕಾದೆ. ಒಂಬತ್ತು ದಿನ."

ಸುತ್ತ ಜನ. ಗಾಜಿನ ಮೇಲಿದ್ದ ಅವನ ಬೆರಳಿನ ಪಕ್ಕಕ್ಕೆ ತನ್ನ ಬೆರಳನ್ನು ತಂದು, ತಾಗದಷ್ಟು ಹತ್ತಿರದಲ್ಲಿ ನಿಲ್ಲಿಸಿದಳು. ಕಂಡಕ್ಟರು ಸೀಟಿ ಊದುವವರೆಗೂ ಎರಡು ಬೆರಳೂ ಅಲ್ಲೇ ಇದ್ದವು.

ಬಸ್ಸಿನಲ್ಲಿ ಅವಳಿಗೆ ಒಂದೇ ಯೋಚನೆ, ಇದನ್ನು ಎಲ್ಲಿಡುವುದು? ಮನೆಯಲ್ಲಿಟ್ಟರೆ ಯಾರು ಕೊಟ್ಟರೆಂದು ಅವ್ವ ಕೇಳುತ್ತಾಳೆ, ಮಾವ ಬಂದರೆ ಬಿಚ್ಚಿ ನೋಡುತ್ತಾನೆ. ಹೊರಗಿನವರು ಕಾಲಿಡದ ಜಾಗ ಊರಲ್ಲಿ ಒಂದೇ. ಹುಳ ಮೇಯುವಾಗ ಹುಳದ ಮನೆಗೆ ಯಾರನ್ನೂ ಬಿಡುವುದಿಲ್ಲ. ಬೀಡಿ ಸೇದಿದವರು, ಹೊಲಕ್ಕೆ ಔಷಧಿ ಹೊಡೆದವರು ಬಾಗಿಲಿನ ಹತ್ತಿರವೂ ಸುಳಿಯುವಂತಿಲ್ಲ. ಇಷ್ಟೆಲ್ಲ ತಿಳಿದವಳಿಗೆ ನುಸಿಗುಳಿಗೆ ಮಾತ್ರ ಅವ್ವನ ಸೀರೆಯ ಟ್ರಂಕಿನ ವಾಸನೆಯಾಗಿ ಕಂಡಿತು, ಮದುವೆಮನೆಯ ವಾಸನೆ. ಎರಡು ಕವರು ಸುತ್ತಿ, ಹುಳದ ಮನೆಯ ಅಟ್ಟದ ಮೇಲೆ ಇಟ್ಟಳು. ಚಳಿಗೆಂದು ಕಿಟಕಿಗಳಿಗೆಲ್ಲ ಗೋಣಿ ತುರುಕಿತ್ತು. ಕೆಳಗೆ ಕೆಂಡದ ಬಾಂಡ್ಲಿ ಕಾಯುತ್ತಿತ್ತು.

*

ಭಾನುವಾರ ಹೊತ್ತು ಏರುವಷ್ಟರಲ್ಲಿ ತಿನ್ನುವ ಸದ್ದು ನಿಂತಿತ್ತು.

ಹುಳಗಳು ತಲೆಯೆತ್ತಿ ಅತ್ತಿತ್ತ ತೂಗುತ್ತಿದ್ದವು. ಬಾಯಿಂದ ಹಸಿರು ನೀರು. ಒಂದೊಂದೇ ತಟ್ಟೆಯಂಚಿಗೆ ಹರಿದು ಕೆಳಗೆ ಬೀಳುತ್ತಿದ್ದವು. ಇನ್ನು ಮೂರು ದಿನ ಕಳೆದಿದ್ದರೆ ಹಣ್ಣಾಗಿ ಗೂಡು ಕಟ್ಟಬೇಕಾದವು.

ಕೆಂಪರಾಜು ಒಂದು ಹುಳ ಅಂಗೈಗೆ ಹಾಕಿಕೊಂಡು ನೋಡಿದ. ಎದ್ದು, ಪಕ್ಕದ ಹೊಲದ ಚಿಕ್ಕಹನುಮಯ್ಯನ ಮನೆ ಮುಂದೆ ಹೋಗಿ ನಿಂತ.

"ಅವರೆ ಹೊಲಕ್ಕೆ ಔಸ್ದಿ ಹೊಡ್ದಿದ್ದೀಯ ಕಣ್ಲಾ! ಗಾಳೀಲಿ ನಮ್ ಸೊಪ್ಪಿಗೆ ಬಂದೈತೆ. ಹೊಡೆಯಾಕೆ ಮುಂಚೆ ಒಂದ್ ಮಾತು ಹೇಳಾಕೆ ಬಾಯಿ ಬಿದ್ದೋಗಿತ್ತಾ?"

"ಹದಿನೈದ್ ದಿನದಿಂದ ಪಂಪು ಮುಟ್ಟಿಲ್ಲ ಕಣೋ ಕೆಂಪ, ಮಕ್ಕಳಾಣೆ!"

"ಮಕ್ಕಳಾಣೆ ಬ್ಯಾರೆ ಇಕ್ತಾನೆ, ಕಳ್ಳ!"

ಬೀದಿ ಸೇರಿತು. ಚಿಕ್ಕಹನುಮಯ್ಯ ಮೆದು ಮನುಷ್ಯ. ಕಳ್ಳ ಎನ್ನಿಸಿಕೊಂಡು ಜಗಲಿಯ ಮೇಲೆ ಕೂತುಬಿಟ್ಟ. ಅವನ ಹೆಂಡತಿ ಬೋರಮ್ಮ ಅಳತೊಡಗಿದಳು.

ಹುಳದ ಮನೆಯೊಳಗೆ ತಟ್ಟೆ ಎತ್ತುತ್ತಿದ್ದ ಭಾನುಪ್ರಿಯಳಿಗೆ ಆಗ ವಾಸನೆ ತಿಳಿಯಿತು. ಕೆಂಡದ ಬಿಸಿಗೆ ಕಾದು ಅಟ್ಟದಿಂದ ಇಳಿಯುತ್ತಿದ್ದ ಮದುವೆಮನೆಯ ವಾಸನೆ. ಏಣಿ ಹತ್ತಿ ಕವರು ಬಿಚ್ಚಿದಳು. ಗುಳಿಗೆಗಳು ಅರ್ಧಕ್ಕರ್ಧ ಕರಗಿದ್ದವು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸೋಮವಾರ ಪೆಟ್ಟಿಗೆ ಕಾಲೇಜು ಸೇರುತ್ತಿತ್ತು, ರೆಕಾರ್ಡಿಗೆ ಸಹಿ ಬೀಳುತ್ತಿತ್ತು, ಅವಳ ವರ್ಷ ಉಳಿಯುತ್ತಿತ್ತು. ಹೊರಗೆ ಬೋರಮ್ಮನ ಅಳು ಮಾತ್ರ ನಿಲ್ಲಲಿಲ್ಲ. ಭಾನುಪ್ರಿಯ ಪೆಟ್ಟಿಗೆ ಎದೆಗೊತ್ತಿಕೊಂಡು ಬೀದಿಗೆ ಬಂದಳು.

"ಅಪ್ಪ, ಅವ್ರಲ್ಲ. ಇದು. ನಾನೇ ಮಡ್ಗಿದ್ದೆ."

ಕೆಂಪರಾಜು ಪೆಟ್ಟಿಗೆ ಮೂಸಿ ನೋಡಿದ. ಗಾಜಿನೊಳಗಿನ ಇಂಗ್ಲಿಷ್ ಅಕ್ಷರಗಳನ್ನು ತುಂಬ ಹೊತ್ತು ನೋಡಿದ.

"ಯಾರು ಮಾಡಿದ್ದಿದು?"

"ನಾನೇ."

ಅವನು ಹೊಡೆಯಲಿಲ್ಲ, ಬಯ್ಯಲಿಲ್ಲ. ಚಿಕ್ಕಹನುಮಯ್ಯನ ಕಡೆ ತಿರುಗಿ, ಇಡೀ ಬೀದಿಯ ಮುಂದೆ ಎರಡೂ ಕೈ ಜೋಡಿಸಿದ. ಮಗಳಿಗೆ ಹೊಡೆತಕ್ಕಿಂತ ಅದು ಹೆಚ್ಚಾಯಿತು.

ಸಂಜೆ ತಿಪ್ಪೆಯ ಪಕ್ಕ ಗುಂಡಿ ತೋಡಿ, ಸತ್ತ ಹುಳವನ್ನೆಲ್ಲ ಅವಳ ಕೈಯಿಂದಲೇ ಹೊರಿಸಿದ. ಕೊನೆಯಲ್ಲಿ ಪೆಟ್ಟಿಗೆಯನ್ನೂ ಅವಳೇ ಹಾಕಿದಳು. ಮಣ್ಣೆಳೆಯುತ್ತಾ ಅಪ್ಪ, "ನಾಳಿಕೆ ವ್ಯಾನು ಹತ್ತು," ಎಂದ. ಅಷ್ಟೇ.

*

ಗಾರ್ಮೆಂಟ್ಸಿನಲ್ಲಿ ಅವಳಿಗೆ ಕೊಟ್ಟದ್ದು ಅಂಗಿಗಳ ಉಳಿಕೆ ದಾರ ಕತ್ತರಿಸುವ ಕೆಲಸ. ಮೂರು ಭಾನುವಾರ ಕಳೆದ ಮೇಲೆ ಅವ್ವನ ಕನ್ನಡಕದ ನೆಪ ಹೇಳಿ ಚನ್ನಪಟ್ಟಣಕ್ಕೆ ಬಂದಳು. ಸಾಬೀರ್ ಪ್ರತಿ ಭಾನುವಾರವೂ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡುತ್ತಿದ್ದನಂತೆ.

ನಡೆದದ್ದನ್ನು ಕೇಳಿ ಅವನು ಕಲ್ಲಾದ. "ನಾನು ಬಂದು ನಿಮ್ಮಪ್ಪನ ಹತ್ರ ಹೇಳ್ತೀನಿ. ತಪ್ಪು ನಂದು ಅಂತ."

"ಯಾಕ್ ಮಾಡ್ಕೊಟ್ಟೆ ಅಂತ ಕೇಳ್ತದೆ ನಮ್ಮಪ್ಪ. ಏನಂತೀಯ?"

ಅವನು ತನ್ನ ಸುಕ್ಕು ಬೆರಳುಗಳನ್ನು ನೋಡಿಕೊಂಡ.

"ಅದೆಲ್ಲ ಬ್ಯಾಡ ಬುಡು. ಸರ್ ಬಾಕ್ಸು ಇಸ್ಕೊಂಡ್ರಾ?"

"ಇಲ್ಲ. ಅರ್ಧ ಕ್ಲಾಸು ತಂದಿರ್ಲಿಲ್ಲ. ಈ ತಿಂಗಳು ಮುಗಿಯೋವರೆಗೆ ಟೈಮ್ ಕೊಟ್ರು."

ಅವಳು ಒಂದು ಗಳಿಗೆ ಕಣ್ಣು ಮುಚ್ಚಿದಳು. ಕೊನೆಯ ದಿನ ಎಂದಿದ್ದ ಆ ಸೋಮವಾರಕ್ಕೆ ಅರ್ಥವೇ ಇರಲಿಲ್ಲ.

"ಹಂಗಾದ್ರೆ ಒಂದೇ ಒಂದು ಕೇಳ್ತೀನಿ," ಎಂದಳು. "ನಿಂದು ಬಾಕ್ಸೈತಲ್ಲ, ಅದ್ನ ನನ್ ಹೆಸ್ರಲ್ಲಿ ಕೊಡು. ರೆಕಾರ್ಡಿಗೆ ಸೈನ್ ಹಾಕ್ಸು. ನೀನು ಇನ್ನೊಂದ್ ಮಾಡ್ಕೊ. ನಿಂಗೆ ಸಂಜೆ ಅನ್ನೋದೈತೆ, ನಂಗಿಲ್ಲ. ಹಾಜರಿ ಸಾಕಾಯ್ತದೆ, ಲೆಕ್ಕ ಹಾಕಿವ್ನಿ. ಪರೀಕ್ಷೆ ಬರ್ದು ಪಾಸಾದ್ರೆ ಅಪ್ಪನ ಕಾಲು ಹಿಡ್ಕೊತೀನಿ."

"ಕೊಡ್ತೀನಿ," ಎಂದ ಅವನು. ಯೋಚಿಸಲೂ ಇಲ್ಲ. "ಅಲ್ಲಾನಾಣೆ ಕೊಡ್ತೀನಿ ಭಾನು."

ಮಾರ್ಚಿನ ಒಂದು ಭಾನುವಾರ ಮತ್ತೆ ಸಿಕ್ಕರು. "ಕೊಟ್ಯಾ?" ಎಂದಳು. "ಹೂಂ, ಆಯ್ತು," ಎಂದು ಅವನು ನೆಲ ನೋಡಿದ. ನಾಚಿಕೊಂಡ ಎಂದುಕೊಂಡು ಅವಳು ಹಾದಿಯುದ್ದಕ್ಕೂ ನಕ್ಕಳು.

ಊಟದ ಬೆಲ್ಲು ಹೊಡೆದಾಗ ಬಟ್ಟೆಯ ಬಂಡಲುಗಳ ಸಂದಿಯಲ್ಲಿ ಕೂತು ಓದಿದಳು. ವ್ಯಾನಿನ ಕುಲುಕಾಟದಲ್ಲಿ ಓದಿದಳು. ಮಾವ ಕನ್ನಡಿಯಲ್ಲಿ ನೋಡಿ, "ಏನಮ್ಮಿ, ಅಂಗಿಗೆ ಗುಂಡಿ ಹಾಕಾಕೂ ಬುಕ್ಕು ನೋಡ್ಬೇಕಾ?" ಎಂದು ರೇಗಿಸಿದರೂ ತಲೆಯೆತ್ತಲಿಲ್ಲ. ಯುಗಾದಿ ಕಳೆದು ಹತ್ತು ದಿನಕ್ಕೆ ಕೆಂಪರಾಜು, ಅವಳ ಕಡೆ ನೋಡದೆ, ಎತ್ತಿಗೆ ಹೇಳುವಂತೆ ಹೇಳಿದ:

"ಪರೀಕ್ಷೆ ಬರ್ಕೊ. ಪಾಸಾದ್ರೆ ಮುಂದಿಂದು ನೋಡವ."

ಆ ರಾತ್ರಿ ಅವಳು ಎರಡು ಮುದ್ದೆ ಉಂಡಳು.

*

ಹಾಲ್ ಟಿಕೆಟ್ ಕೊಡುವ ದಿನ ಅರ್ಧ ದಿನದ ರಜೆ ಬರೆದು ಬಂದಳು. ಕೌಂಟರಿನಲ್ಲಿ ಅಟೆಂಡರು ಕನ್ನಡಕ ಮೂಗಿನ ತುದಿಗಿಳಿಸಿ ಪಟ್ಟಿಯನ್ನು ಎರಡು ಸಲ ಬೆರಳಿಂದ ಸವರಿದ.

"ನಿನ್ ಹೆಸ್ರಿಲ್ಲ ಕಣವ್ವ. ಝೂವಾಲಜಿ ರೆಕಾರ್ಡು ಸೈನಾಗಿಲ್ಲ. ಬಾಕ್ಸು ಕೊಟ್ಟಿಲ್ಲ ಅಂತ ಬರ್ದೈತೆ."

"ಕೊಟ್ಟಾಗೈತೆ. ಒಸಿ ಸರಿಯಾಗಿ ನೋಡಿ."

"ನೋಡಿದ್ನಲ್ಲವ್ವ. ಲಿಸ್ಟು ಯೂನಿವರ್ಸಿಟಿಗೆ ಹೋಗಿ ವಾರ ಆಯ್ತು."

ತಿರುಗಿದಾಗ ಕಾರಿಡಾರಿನ ಕಂಬದ ಬಳಿ ಸಾಬೀರ್ ನಿಂತಿದ್ದ. ಅವನ ಕೈಯಲ್ಲಿ ಹಾಲ್ ಟಿಕೆಟ್ಟಿತ್ತು. ಅವಳನ್ನು ಕಂಡು ಅದನ್ನು ಬೆನ್ನ ಹಿಂದಕ್ಕೆ ಸರಿಸಿದ.

ಅವಳು ಹತ್ತಿರ ಹೋಗಿ ನಿಂತಳು. ಅವನೇ ಶುರುಮಾಡಿದ.

"ಕೊಡಕ್ಕೇ ಅಂತ ಹೋಗಿದ್ದೆ ಭಾನು. ಸ್ಟಾಫ್ ರೂಮಿನ ಬಾಗಿಲವರೆಗೂ ಹೋಗಿದ್ದೆ. ಆ ವಾರ ಅಬ್ಬಾಗೆ ಹುಷಾರಿರ್ಲಿಲ್ಲ, ಇಡೀ ದಿನ ಬಾಣಲೆ ನಾನೇ ನೋಡ್ಬೇಕಾಗಿತ್ತು. ಇನ್ನೊಂದು ಮಾಡಕ್ಕೆ ಆಗಲ್ಲ ಅನ್ನಿಸ್ತು. ಹುಡುಗ್ರು ಬೇರೆ... ಅವಳ ಹೆಸರಲ್ಲಿ ನೀನ್ಯಾಕೋ ಕೊಡ್ತೀಯ ಅಂತ. ನನ್ನ ಹೆಸರಲ್ಲೇ ಕೊಟ್ಬಿಟ್ಟೆ. ನಿಂಗೆ ಹೇಳ್ಬೇಕು ಅಂತ ದಿನಾ ಅಂದ್ಕೊಂಡೆ. ಧೈರ್ಯ ಆಗ್ಲಿಲ್ಲ."

"ಆಯ್ತು ಅಂದ್ಯಲ್ಲ. ಮುಖ ನೋಡ್ಕೊಂಡು ಆಯ್ತು ಅಂದೆ."

ಮುಖ ನೋಡಿರಲಿಲ್ಲ, ನೆಲ ನೋಡಿದ್ದ. ಅದು ಈಗ ಅವಳ ನೆನಪಿಗೆ ಬಂತು.

ಅವನ ಕಣ್ಣು ತುಂಬಿತು. ಬೆಳ್ಳನೆಯ ಬೆರಳುಗಳಿಂದ ಕಂಬದ ಸುಣ್ಣ ಕೆರೆಯುತ್ತಾ, "ನಾನು ನಿನ್ನ ಪ್ರೀತಿಸ್ತೀನಿ ಭಾನು," ಎಂದ. "ಮೊದಲನೇ ದಿನದಿಂದ. ನಿನ್ನಾಣೆಗೂ."

ಎಂಟು ತಿಂಗಳು ಬಸ್ಸಿನ ಕಿಟಕಿಯಲ್ಲಿ ಕೂತು ಅವಳು ಈ ಮಾತಿಗೆ ಕಾದಿದ್ದಳು. ಅವನು ಹೇಗೆ ಹೇಳುತ್ತಾನೆ, ತಾನು ಪುಸ್ತಕದಿಂದ ಬಾಯಿ ಹೇಗೆ ಮುಚ್ಚಿಕೊಳ್ಳುತ್ತೇನೆ ಎಂಬುದನ್ನೆಲ್ಲ ನೂರು ಸಲ ನೋಡಿಕೊಂಡಿದ್ದಳು. ಈಗ ಮಾತು ಬಂದಿತ್ತು, ಕೊಡಬೇಕಾದ್ದನ್ನು ಕೊಡಲಾಗದವನು ಕೈಗೆ ಸಿಕ್ಕಿದ್ದನ್ನು ತಂದು ಇಟ್ಟ ಹಾಗೆ.

"ಅದ್ನ ನಾನು ಕೇಳಿರ್ಲಿಲ್ಲ ಸಾಬೀರ್," ಎಂದಳು. "ನಾನು ಕೇಳಿದ್ದು ಬಾಕ್ಸು."

"ಕೋಪನಾ?"

"ಇಲ್ಲ. ನನ್ ಮನಸ್ನಾಗೂ ಇತ್ತು. ಇತ್ತು." ಅವಳ ದನಿ ಒಂದು ಕ್ಷಣ ಒಡೆದು ಮತ್ತೆ ಕೂಡಿಕೊಂಡಿತು. "ನೀನು ನಂಗೊಂದು ವರ್ಸ ಕೊಡ್ಬೇಕು. ಕೊಡಾಕಾಗಾಕಿಲ್ಲ ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ಆ ವರ್ಸನೂ ನೀನೇ ಮಡಿಕ್ಕೊ."

"ಮುಂದಿನ ವರ್ಷ ಪರೀಕ್ಷೆಗೆ ಕಟ್ಟಬಹುದು ಭಾನು, ನಾನೇ ಬಂದು ಸರ್ ಹತ್ರ..."

"ಪರೀಕ್ಷೆ ಚೆನ್ನಾಗಿ ಬರಿ. ಕಪ್ಪೆ ಹೃದಯದ ಚಿತ್ರ ಬಂದೇ ಬತ್ತದೆ. ಮೂರೇ ಕೋಣೆ, ನಾಲ್ಕು ಬರ್ದುಬುಟ್ಟೀಯ."

ಅವನು ಏನೋ ಕರೆದ. ಅವಳು ಮೆಟ್ಟಿಲಿಳಿದಾಗಿತ್ತು.

ಬಿಸಿಲು ರಸ್ತೆಯ ಮೇಲೆ ಬಿಳಿಚಿಕೊಂಡು ಬಿದ್ದಿತ್ತು. ಬಸ್‌ಸ್ಟ್ಯಾಂಡಿನ ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು. ಹನ್ನೊಂದೂವರೆಯ ರಾಮನಗರದ ಬಸ್ಸು ಸಿಕ್ಕಿದರೆ ಊಟದ ಬೆಲ್ಲಿಗೆ ಮುಂಚೆ ಮುಟ್ಟಬಹುದು, ಮಧ್ಯಾಹ್ನದ ಕೆಲಸ ತಪ್ಪುವುದಿಲ್ಲ. ಸಂಜೆ ಅಪ್ಪ ಏನೂ ಕೇಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು, ಅವಳು ವ್ಯಾನಿನಿಂದ ಇಳಿಯುವುದನ್ನು ನೋಡಿದರೆ ಅವನಿಗೆ ಎಲ್ಲ ತಿಳಿಯುತ್ತದೆ.

ಬಸ್ಸು ಬಂತು. ಎಡಗಡೆಯ ಕಿಟಕಿಗೆ ಕೂತರೆ ಕಾಲೇಜಿನ ಗೇಟು ಕಾಣುತ್ತದೆ. ಅವಳು ಬಲಗಡೆ ಕೂತಳು.